ಬಳೆ ಒಡೆಯದೆ ತೆಗೆದವರಿಗೆ

ಮಗಳಿಗೆ ಮೊನ್ನೆ ವರ್ಷ ತುಂಬಿತು. ಹೆರಿಗೆ ಹೊತ್ತಿನಲ್ಲಿ ನಮ್ಮಿಬ್ಬರನ್ನೂ ಉಳಿಸಿಕೊಟ್ಟವರಿಗೆ ಹೆಸರು ಹಿಡಿದು ಥ್ಯಾಂಕ್ಸ್ ಹೇಳೋಣವೆಂದರೆ ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. ಗೊತ್ತಿರುವವರು ಹಾಕಬೇಡಮ್ಮ ಅಂದಿದ್ದಾರೆ. ಅವರವರ ಕೆಲಸವೇ ಗುರುತು.

ಮೊದಲು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅಕ್ಕ. ಏಳನೇ ತಿಂಗಳಲ್ಲಿ ಮನೆಯವರು ನನಗೆ ಸೀಮಂತ ಮಾಡಿದ್ದರು. ಹದಿನೈದು ದಿನ ಕಳೆಯುವುದರೊಳಗೆ ಹಸಿರು ಬಳೆ ಮಣಿಕಟ್ಟಿಗೆ ಕಚ್ಚಿಕೊಂಡಿತು. ಬಸುರಿಗೆ ಬಾವು ಇದ್ದದ್ದೇ ಅಂದರು ಅತ್ತೆ. ತಲೆನೋವಿಗೆ ನಾನೇ ಪಿತ್ತ ಅಂತ ಹೆಸರಿಟ್ಟು ಜೀರಿಗೆ ಕಷಾಯ ಕುಡಿದೆ. ತಾಯಿ ಕಾರ್ಡ್ ನೋಡಲು ಬಂದ ಅಕ್ಕ ಕಾರ್ಡ್ ಬಿಟ್ಟು ನನ್ನ ಮುಖ ನೋಡಿದರು.

"ಕಣ್ಣು ಮಂಜಾಗ್ತಿದೆಯೇನಮ್ಮಾ?"

"ಸ್ವಲ್ಪ. ನಿದ್ದೆ ಇಲ್ಲ, ಅಷ್ಟೇ ಅಕ್ಕ."

ನಂಬಲಿಲ್ಲ. ಒಲೆ ಮೇಲಿದ್ದ ಸಾರು ತಾವೇ ಇಳಿಸಿ ನನ್ನನ್ನು ಆಟೋ ಹತ್ತಿಸಿದರು. ಆರೋಗ್ಯ ಕೇಂದ್ರದಲ್ಲಿ ಬಿಪಿ 168/112. 140/90 ಮುಟ್ಟಿದರೇ ಬಸುರಿಯನ್ನು ಬಿಡುವ ಹಾಗಿಲ್ಲವಂತೆ. ಮೂತ್ರದಲ್ಲಿ ಪ್ರೋಟೀನ್ ಬೇರೆ. ಅಲ್ಲಿಂದ ನೇರ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ.

ಫಿಟ್ಸ್ ಬರದಿರಲೆಂದು ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರು. ಮೈಯೊಳಗೆ ಬಿಸಿನೀರು ಹರಿದಂತಾಯಿತು. ರಾತ್ರಿಯಿಡೀ ಒಬ್ಬ ಸಿಸ್ಟರ್ ಗಂಟೆಗೊಮ್ಮೆ ಬಂದು ಪುಟ್ಟ ಸುತ್ತಿಗೆಯಲ್ಲಿ ಮೊಣಕಾಲು ತಟ್ಟುವರು, ಉಸಿರು ಎಣಿಸುವರು, ಮೂತ್ರ ಅಳೆಯುವರು. ಔಷಧಿ ಮೈಯಲ್ಲಿ ಹೆಚ್ಚಾದರೆ ಕಾಲು ಹಾಗೆ ಎಗರುವುದು ಮೊದಲು ನಿಲ್ಲುತ್ತದೆಂದು ಆಮೇಲೆ ತಿಳಿಯಿತು, ಆಗಂತೂ ಬೈದುಕೊಂಡಿದ್ದೆ. ಬಳೆ ಒಡೀಬೇಡಿ ಅಂತ ನಾನು ಅತ್ತಾಗ ಸೋಪು ಹಚ್ಚಿ ಒಂದೊಂದೇ ಜಾರಿಸಿ ತೆಗೆದವರೂ ಅವರೇ.

ಮಗುವಿನ ಶ್ವಾಸಕೋಶ ಬಲಿಯಲೆಂದು ಹನ್ನೆರಡು ಗಂಟೆಗೊಂದರಂತೆ 4 ಸ್ಟೀರಾಯ್ಡ್ ಇಂಜೆಕ್ಷನ್. ಮೂರನೇ ದಿನ ಸಿಸೇರಿಯನ್. 31 ವಾರದ ಕೂಸು, 1,180 ಗ್ರಾಂ. ನಾನು ತಿಂದ ಉಪ್ಪಿನಕಾಯಿಯಿಂದಲೇ ಹೀಗಾಯಿತೆಂದು ಕೊರಗುತ್ತಿದ್ದೆ. ನನಗಿಂತ ಚಿಕ್ಕವಳಂತೆ ಕಂಡ ಡಾಕ್ಟರಮ್ಮ ಮಂಚದ ತುದಿಯಲ್ಲಿ ಕೂತು, ಇದಕ್ಕೆ ಪ್ರೀ-ಎಕ್ಲಾಂಪ್ಸಿಯಾ ಅಂತಾರೆ, ಮಾಸಿನ ರಕ್ತನಾಳ ಸರಿಯಾಗಿ ರೂಪುಗೊಳ್ಳದೆ ಶುರುವಾಗುವ ಕಾಯಿಲೆ, ನಿಮಗೆ ಬಿಪಿ ಏರಿತು, ಒಳಗೆ ಅವಳಿಗೆ ಅರೆಹೊಟ್ಟೆಯಾಯಿತು, ಉಪ್ಪಿನಕಾಯಿಯ ಮೇಲೆ ಹಾಕಬೇಡಿ ಅಂದರು. ಅವರು ಕೊಟ್ಟ ಎಲ್ಲ ಮಾತ್ರೆಗಿಂತ ಈ ಮಾತು ಕೆಲಸ ಮಾಡಿತು.

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, 38 ದಿನ. ಉಸಿರಿಗೆ ಮೂಗಿನಿಂದ ಒತ್ತಡದಲ್ಲಿ ಗಾಳಿ ಕೊಡುವ ಸಿಪ್ಯಾಪ್, ಸಕ್ಕರೆ ಇಳಿಯುತ್ತದೆಂದು ಹಿಮ್ಮಡಿಗೆ ಸೂಜಿ, ಮೂಗಿನ ನಳಿಕೆಯಲ್ಲಿ 2 ಎಂಎಲ್ ಹಾಲು. ಅದೂ ಮೊದಮೊದಲು ನನ್ನದಲ್ಲ, ಪಕ್ಕದ ವಾರ್ಡಿನ ಯಾವುದೋ ತಾಯಿ ಕೊಟ್ಟದ್ದು. ಆ ತಾಯಿಗೆ ಇದು ತಲುಪುತ್ತದೋ ಇಲ್ಲವೋ! ಮಗುವನ್ನು ಬರಿ ಎದೆಗೆ ಅವುಚಿಕೊಳ್ಳುವ ಕಾಂಗರೂ ಆರೈಕೆಗೆ ಅಂಗಿ ಬಿಚ್ಚಿ ಕೂರಲು ನಾಚಿಕೊಂಡ ನನ್ನ ಗಂಡನನ್ನು ಗದರಿಸಿ ಕೂರಿಸಿದ ಆಯಮ್ಮ, ನಾಲ್ಕನೇ ವಾರ ಕಣ್ಣಿನ ಪರದೆ ಪರೀಕ್ಷಿಸಿದ ಡಾಕ್ಟರು, ಎಲ್ಲರಿಗೂ ಶರಣು.

ಇನ್ನೂ ನಡೆಯಲ್ವಾ ಎಂದು ಕೇಳುವ ಆಂಟಿಯರೇ, ಒಂಬತ್ತು ವಾರ ಮುಂಚೆ ಬಂದವಳು, ಅವಳ ಲೆಕ್ಕದಲ್ಲಿ ಈಗಿನ್ನೂ ಹತ್ತು ತಿಂಗಳ ಕೂಸು. ಸದ್ಯಕ್ಕೆ ಸೋಫಾ ಹಿಡಿದು ನಿಲ್ಲುತ್ತಾಳೆ, ನಿಮ್ಮ ಮೊಬೈಲ್ ಸಿಕ್ಕರೆ ಎಸೆಯುತ್ತಾಳೆ.

ನನ್ನ ಬಿಪಿ ಮಾತ್ರೆ ಆರು ವಾರಕ್ಕೆ ನಿಂತಿತು. ಆದರೂ ವರ್ಷಕ್ಕೊಮ್ಮೆ ತೋರಿಸಬೇಕು. ಇನ್ನೊಂದು ಮಗುವಿನ ಯೋಚನೆ ಬಂದರೆ ಮತ್ತೆ ಹೀಗಾಗದಿರಲೆಂದು ಮೂರನೇ ತಿಂಗಳು ಮುಗಿಯುವ ಹೊತ್ತಿಗೇ ಆಸ್ಪಿರಿನ್ ಬಗ್ಗೆ ಕೇಳಬೇಕು ಅಂದಿದ್ದಾರೆ.

ಅಕ್ಕ, ಭಾನುವಾರ ಊಟಕ್ಕೆ ಬನ್ನಿ. ಅವತ್ತಿನ ಸಾರು ಬಾಕಿ ಇದೆ.