5ಕ್ಕೆ ಬಾಕಿ ಕಟ್ ಆಗುತ್ತದೆ, ಖಾತೆ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ನ್ಯಾಚ್ ಮ್ಯಾಂಡೇಟ್‌ಗೆ, ಅಂದರೆ ಖಾತೆಯಿಂದ ಹಣ ತಾನಾಗಿಯೇ ಕಟ್ ಆಗಲು ಕೊಡುವ ಒಪ್ಪಿಗೆ ಪತ್ರಕ್ಕೆ, ಸಹಿ ಹಾಕಿಕೊಟ್ಟ ಅಂಗಡಿಯವರಿಗೆ ಈ ಸೂಚನೆ. ಸರಕಿನ ಬಾಕಿ 5ನೇ ತಾರೀಕು, ಭಾನುವಾರ, ನಿಮ್ಮ ಖಾತೆಯಿಂದ ಕಟ್ ಆಗುತ್ತದೆ. ಭಾನುವಾರ ಬ್ಯಾಂಕ್ ರಜೆ ಅಲ್ವಾ ಅಂದುಕೊಳ್ಳಬೇಡಿ. 2021ರ ಆಗಸ್ಟ್‌ನಿಂದ ನ್ಯಾಚ್ ರಜೆ ದಿನವೂ ನಡೆಯುತ್ತದೆ.

ಹೋದ ತಿಂಗಳು ನನ್ನದೇ ಖಾತೆಯಲ್ಲಿ 340 ರೂಪಾಯಿ ಕಡಿಮೆ ಇತ್ತು. ಬೌನ್ಸ್ ಆಯಿತು. ದಂಡ, ಅದರ ಮೇಲೆ ಜಿಎಸ್‌ಟಿ ಬೇರೆ!

ಶನಿವಾರ ಸಂಜೆಯೊಳಗೆ ಹಣ ಹಾಕಿಡಿ. ಚೆಕ್ ನಂಬಬೇಡಿ, ಬ್ಯಾಂಕಿನಿಂದ ಬ್ಯಾಂಕಿಗೆ ಆನ್‌ಲೈನ್‌ನಲ್ಲಿ ಹಣ ಕಳಿಸುವ ನೆಫ್ಟ್ 24 ಗಂಟೆಯೂ ಇದೆ. ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಬೇಕು. ಖಾತೆ ಬದಲಿಸಿದವರು ಹೊಸ ಮ್ಯಾಂಡೇಟ್ ಕೊಡಿ. ‘ಮ್ಯಾಂಡೇಟ್ ನವೀಕರಿಸಿ’ ಅಂತ ಲಿಂಕ್ ಬಂದರೆ ಒತ್ತಬೇಡಿ, ನಾವು ಕಳಿಸಿದ್ದಲ್ಲ.

ಓದಿದವರು ಅಂಗಡಿ ಹೆಸರಿನ ಜೊತೆ ‘ಸರಿ’ ಅಂತ ಹಾಕಿ. ಸುಮ್ನೆ ಹೆಬ್ಬೆರಳು ಬೇಡ, ಯಾರದ್ದು ಅಂತ ಗೊತ್ತಾಗಲ್ಲ.