ಶನಿವಾರದ ಊಟಕ್ಕೆ ಬಿಲ್ಲು ಬೇಡ

ಮಾನ್ಯ ಸಂಪಾದಕರೇ,

ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರ ಕಾಲೇಜುಗಳಲ್ಲಿ ದುಡಿದು ಓದುವ ಮಕ್ಕಳಿಗೆ ವಾರದಲ್ಲಿ ಒಂದು ದಿನ, ಶನಿವಾರದ ಊಟವನ್ನು ಕಾಲೇಜೇ ಪುಕ್ಕಟೆ ಹಾಕಬೇಕು ಎಂದು ಕೇಳಲು ಈ ಪತ್ರ. ಪುಕ್ಕಟೆ ಎಂದ ಕೂಡಲೇ ಮುಖ ಸಿಂಡರಿಸಬೇಡಿ, ಲೆಕ್ಕ ಕೇಳಿ.

ಈ ಕ್ರೈಸ್ತರಿಗೆ ಸಬ್ಬತ್, ಅಂದರೆ ವಾರದ ವಿಶ್ರಾಂತಿಯ, ಆರಾಧನೆಯ ದಿನ, ಭಾನುವಾರ ಅಲ್ಲ, ಶನಿವಾರ. ಶುಕ್ರವಾರ ಹೊತ್ತು ಮುಳುಗಿದಾಗಿನಿಂದ ಶನಿವಾರ ಹೊತ್ತು ಮುಳುಗುವವರೆಗೆ ದುಡಿಮೆ ಇಲ್ಲ, ವ್ಯಾಪಾರವೂ ಇಲ್ಲ. ಅವರ ಕಾಲೇಜುಗಳಲ್ಲಿ ಬಡ ಮಕ್ಕಳು ತೋಟದಲ್ಲೋ ಅಡುಗೆಮನೆಯಲ್ಲೋ ಗಂಟೆ ಲೆಕ್ಕದಲ್ಲಿ ದುಡಿದು, ಅದನ್ನು ಫೀಗೆ, ಮೆಸ್ ಬಿಲ್ಲಿಗೆ ಜಮಾ ಮಾಡಿಕೊಳ್ಳುವ ಪದ್ಧತಿ ಹಳೆಯದು. ಒಳ್ಳೆಯದೇ, ನನಗೇನೂ ತಕರಾರಿಲ್ಲ.

ನಮ್ಮ ಓಣಿಯ ಹುಡುಗನೊಬ್ಬ ದೂರದ ಊರಿನ ಇಂಥದೊಂದು ಕಾಲೇಜಿನಲ್ಲಿದ್ದಾನೆ. ಶುಕ್ರವಾರ ಮಧ್ಯಾಹ್ನಕ್ಕೇ ಕೆಲಸ ನಿಲ್ಲುತ್ತದೆ. ಶನಿವಾರ ಬೇಕೆಂದರೂ ಮಾಡುವ ಹಾಗಿಲ್ಲ. ಆದರೆ ಶನಿವಾರದ ಊಟದ ಕೂಪನ್ ಹಿಂದಿನ ದಿನವೇ ತಗೊಳ್ಳಬೇಕು, ದುಡ್ಡು ಅವನ ಲೆಕ್ಕದಲ್ಲಿ ಕಟ್. ಆರಾಧನೆ ಮುಗಿದ ಮೇಲೆ ಹೊರಗಿನಿಂದ ಬಂದ ಅತಿಥಿಗಳಿಗೂ ಬಡಿಸುತ್ತಾರೆ, ಅವರಿಗೆ ಮಾತ್ರ ಬಿಲ್ಲಿಲ್ಲ. ಈ ಹುಡುಗ ಎಷ್ಟೋ ಶನಿವಾರ ಕೂಪನ್ ತಗೊಳ್ಳದೆ, ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯಲ್ಲೇ ದಿನ ತಳ್ಳುತ್ತಾನಂತೆ.

ದೇವರ ಹೆಸರಿನಲ್ಲಿ ಕೆಲಸ ನಿಲ್ಲಿಸಿದವರು ಬೈಬಲಿನ ಲೆಕ್ಕವನ್ನೇ ನೋಡಲಿ. ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ, ಅರಣ್ಯದಲ್ಲಿದ್ದ ಇಸ್ರಾಯೇಲ್ಯರಿಗೆ ದಿನಾ ಬೆಳಿಗ್ಗೆ ದೇವರು ಕೊಟ್ಟ ಆಹಾರ, ಮನ್ನ, ಸಿಗುತ್ತದೆ. ಆರನೇ ದಿನ ಎರಡರಷ್ಟು ಸಿಗುತ್ತದೆ, ಯಾಕೆಂದರೆ ಏಳನೇ ದಿನ ಹೊಲದಲ್ಲಿ ಏನೂ ಇರುವುದಿಲ್ಲ. ದುಡಿಯಬೇಡ ಎಂದವನೇ ಅವತ್ತಿನ ಊಟವನ್ನೂ ಕೊಟ್ಟ. ಕಾಲೇಜಿನವರು ಇದರಲ್ಲಿ ಅರ್ಧ ಮಾತ್ರ ಪಾಲಿಸಿದರೆ ಹೇಗೆ?

ನಮ್ಮ ಭಾಗಕ್ಕೆ ಇದೇನು ಹೊಸ ಮಾತಲ್ಲ. ಹಿಂದೆ ವಾರಾನ್ನ ಉಂಡು ಓದಿದವರು ಎಷ್ಟು ಜನ! ದಿನಕ್ಕೊಂದು ಮನೆ ಗೊತ್ತು ಮಾಡಿಕೊಳ್ಳುವಾಗ ಒಂದು ದಿನ ಖಾಲಿ ಉಳಿದರೆ ಅವತ್ತು ನೀರು ಕುಡಿದು ಮಲಗಬೇಕಿತ್ತು. (ಅಂಥವರಲ್ಲಿ ಕೆಲವರು ಮುಂದೆ ದೊಡ್ಡ ಹುದ್ದೆಗೆ ಹೋಗಿ, ಪುಕ್ಕಟೆ ಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂದು ಭಾಷಣ ಮಾಡಿದ್ದನ್ನೂ ಕೇಳಿದ್ದೇನೆ, ಇರಲಿ.) ಬೆಳಗಾವಿಯ ನಾಗನೂರು ರುದ್ರಾಕ್ಷಿ ಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿ ಮುಂದೆ ಬಂದವರು ನಮ್ಮ ಜಿಲ್ಲೆಗಳಲ್ಲಿ ಊರೂರಿಗೂ ಸಿಗುತ್ತಾರೆ.

ಖರ್ಚು ಜಾಸ್ತಿ ಎನ್ನಬಹುದು. ದುಡಿದು ಓದುವವರು 50 ಮಂದಿ, ಒಂದು ಊಟಕ್ಕೆ 60 ರೂಪಾಯಿ, ಎರಡು ಹೊತ್ತು ಎಂದಿಟ್ಟುಕೊಳ್ಳಿ. ಒಂದು ಶನಿವಾರಕ್ಕೆ 6,000 ರೂಪಾಯಿ. ಹಳೆಯ ವಿದ್ಯಾರ್ಥಿಗಳು ವರ್ಷಕ್ಕೆ ಒಬ್ಬೊಬ್ಬರು ಒಂದೊಂದು ಶನಿವಾರ ವಹಿಸಿಕೊಂಡರೂ ಮುಗಿಯಿತು, ಅಲ್ವಾ? ಮನೆಯಲ್ಲಿ ಮಗುವಿನ ಹುಟ್ಟುಹಬ್ಬಕ್ಕೇ ಇದಕ್ಕಿಂತ ಜಾಸ್ತಿ ಸುರಿಯುತ್ತೇವೆ.

ಆದರೆ ಕೊಡುವುದಾದರೆ ಬೇರೆ ಸಾಲು, ಬೇರೆ ಬಣ್ಣದ ಕೂಪನ್, ಆದಾಯ ಪ್ರಮಾಣಪತ್ರ ಎಂದೆಲ್ಲ ಸುಮ್ನೆ ರಗಳೆ ಮಾಡಬೇಡಿ. ಆ ವಯಸ್ಸಿನ ಹುಡುಗರು ಹಸಿವನ್ನಾದರೂ ತಡೆದಾರು, ಗೆಳೆಯರ ಮುಂದೆ ಅಂಥ ಸಾಲಿನಲ್ಲಿ ನಿಲ್ಲಲಾರರು. ಆ ವಾರ ಕೆಲಸ ಮಾಡಿದವರ ಲೆಕ್ಕಕ್ಕೆ ಶನಿವಾರದ ಊಟ ಬರೆಯದಿದ್ದರೆ ಸಾಕು, ಆಫೀಸಿನ ಒಳಗೇ ಮುಗಿಯುವ ಕೆಲಸ. ಪರೀಕ್ಷೆ ಹತ್ತಿರ ಬಂದಾಗ ದುಡಿದ ಗಂಟೆ ಕಡಿಮೆಯಾಗಿದೆ ಎಂದು ಅದನ್ನೂ ನಿಲ್ಲಿಸಬಾರದು.

– ಒಬ್ಬ ಓದುಗ, ವಿಜಯಪುರ