ಹಳೆ ವಿದ್ಯಾರ್ಥಿಗಳನ್ನ ಶಾಲೆಗೆ ಕರೀರಿ

ಮಾನ್ಯರೇ,

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಿದ್ದನ್ನ ಕೊಡಗಿನವರು ಯಾರೂ ಮರೆತಿಲ್ಲ, ಆದ್ರೆ ಮಳೆ-ಮಣ್ಣಿನ ವಿಜ್ಞಾನ ನಮ್ಮ ಮಕ್ಕಳಿಗೆ ಇನ್ನೂ ಪುಸ್ತಕದಲ್ಲೇ ಇದೆ. 1995ರಲ್ಲಿ ಶುರುವಾದ, ನಾಸಾ ಬೆಂಬಲ ಇರೋ ಗ್ಲೋಬ್ ಕಾರ್ಯಕ್ರಮದಲ್ಲಿ ಎಷ್ಟೋ ದೇಶದ ಶಾಲೆ ಮಕ್ಕಳು ಮಳೆ, ಮೋಡ, ಮಣ್ಣು ಅಳೆದು ಒಂದೇ ಡೇಟಾಬೇಸ್‌ಗೆ ಹಾಕ್ತಾರೆ, ಅಲ್ಲಿ ಕಲಿತು ಹೋದವರೇ ವಾಪಸ್ ಬಂದು ಹೊಸಬರಿಗೆ ಮೆಂಟರ್ ಆಗ್ತಾರೆ. ಇಲ್ಲೂ ಇದು ಆಗ್ಬೇಕು. ಪೊನ್ನಂಪೇಟೆ ಅರಣ್ಯ ಕಾಲೇಜಲ್ಲಿ ಓದಿದವರಿದ್ದಾರೆ, ಇಲ್ಲಿ ಓದಿ ಹೊರದೇಶಕ್ಕೆ ಹೋದೋರೂ ಇದ್ದಾರೆ. ಎಷ್ಟೋ ತೋಟದ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕ ಇಂಚಲ್ಲಿ ಬರೆದಿಟ್ಟಿದ್ದಾರಲ್ಲ, ಅದನ್ನ ಇಂಚಿಗೆ 25.4ರಂತೆ ಮಿಲಿಮೀಟರ್‌ಗೆ ತಂದು ಗ್ರಾಫ್ ಹಾಕೋದು, ಒದ್ದೆ ಮಣ್ಣನ್ನ ಬೆರಳಲ್ಲಿ ಒತ್ತಿ ಪಟ್ಟಿ ಎಷ್ಟುದ್ದ ಬರುತ್ತೆ ನೋಡಿ ಜೇಡಿ ಎಷ್ಟಿದೆ ಅಂತ ಹೇಳೋದು, ಇದೆಲ್ಲ ಊರಿನ ಅಣ್ಣನೋ ಅಕ್ಕನೋ ಪಕ್ಕ ನಿಂತು ತೋರಿಸಿದ್ರೆ ಬೇಗ ತಲೆಗೆ ಹತ್ತುತ್ತೆ. ಮೇಷ್ಟ್ರಿಗೆ ಸಿಲಬಸ್ ಮುಗಿಸೋದೇ ಸಾಕಾಗಿರುತ್ತೆ, ಪಾಪ. ಒಂದ್ಸಲ ಬಂದು ಭಾಷಣ ಮಾಡಿ ಶಾಲು ಹೊದಿಸ್ಕೊಂಡು ಹೋಗೋದು ಬೇಡ, ಮಳೆಗಾಲ ಪೂರ್ತಿ ವಾರಕ್ಕೊಂದು ವಿಡಿಯೋ ಕಾಲ್ ಮಾಡಿದ್ರೂ ಆಯ್ತು. ಶಿಕ್ಷಣ ಇಲಾಖೆಯವರು ತಾಲೂಕುವಾರು ಇಂಥವರ ಪಟ್ಟಿ ಮಾಡೋಕೆ ಈಗಲೇ ಶುರು ಮಾಡ್ಲಿ.

– ಒಬ್ಬ ಪೋಷಕರು, ಮಡಿಕೇರಿ